ಸತ್ತಳೆಂದು ತಿಳಿಯತಕ್ಕದ್ದು

ಹೂಳಿನ ವರ್ಷ ೨೧೪, ಎರಡನೆಯ ಬೇಸಿಗೆ, ಮೂವತ್ತೆರಡನೆಯ ದಿನ.

ಹಿಂದಿನವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನೀವು ಕಟ್ಟಿದ ಅಣೆಕಟ್ಟಿನ ಹಿಂದೆ ನೀರು ಹೋಗಿ ಹೂಳು ನಿಂತಿತು. ಆ ಹೂಳಿನ ಮೇಲೆ ನಮ್ಮವರು ಮೊದಲ ಗುಡಿಸಲು ಹಾಕಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಒಂದು ತಿಂಗಳು ಮಳೆ ಬಂದರೆ ಬಂತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಕೇಳುತ್ತೇನೆ. ಕ್ಷಮೆ ಅಷ್ಟಕ್ಕೇ. ಮುಂದೆ ಬರೆಯುವುದಕ್ಕೆ ಕೇಳುವುದಿಲ್ಲ.

ನಾನು ಐದು ವರ್ಷ ಮಾತ್ರ ಶಾಲೆಗೆ ಹೋದವಳು. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಬರುವುದಿಲ್ಲ, ನಾಲಿಗೆ ಅಂಟಿಕೊಳ್ಳುತ್ತದೆ. ಆದರೆ ನಿಮ್ಮ ಅಕ್ಷರ ಓದಲು ಬರುತ್ತದೆ. ಅದಕ್ಕೇ ನನ್ನನ್ನು ಗೆದ್ದಲುಗಾವಲಿಗೆ ಹಾಕಿದ್ದಾರೆ. ನಮ್ಮ ಊರಿನಲ್ಲಿ ನಿಮ್ಮ ಕಾಲದ ಒಂದು ಪೆಟ್ಟಿಗೆ ಇದೆ. ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ, ಮುಚ್ಚಳದ ಮೇಲೆ ಎರಡು ಗುಲಾಬಿ, ಒಂದು ಕೊಂಡಿ ಮುರಿದಿದೆ. ಅದರೊಳಗಿನ ಕಾಗದಗಳನ್ನು ಎಂಟು ದಿನಕ್ಕೊಮ್ಮೆ ಹೊರಗೆ ತೆಗೆದು, ನೆರಳಿನಲ್ಲಿ ಹರಡಿ, ಬೇವಿನ ಎಲೆ ಬದಲಿಸಿ, ಮತ್ತೆ ಇಡುವುದು ನನ್ನ ಕೆಲಸ. ಪುಸ್ತಕ, ಹಾಳೆಗಂಟುಗಳನ್ನೂ ಒಂದೊಂದೆಂದೇ ಎಣಿಸಿದರೆ ಒಟ್ಟು ನಲವತ್ತೊಂದು ಕಾಗದಗಳಿವೆ. ಅವುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವ ಹಕ್ಕು ಇರುವುದು ಓದಾಳಿಗೆ, ಎಂದರೆ ಊರು ಓದುವುದಕ್ಕೆಂದೇ ನೇಮಿಸಿದ ಗಂಡಸಿಗೆ. ನಾನು ಬಿಡಿಸಿ ಒಣಗಿಸಬಹುದು. ಓದಾಳು ಮುಂಭಾಗ ನೋಡುತ್ತಾನೆ. ಒಣಗಿಸುವವಳು ಹಿಂಭಾಗವನ್ನೂ ನೋಡುತ್ತಾಳೆ. ಈ ಪತ್ರ ಹುಟ್ಟಿದ್ದು ಅಲ್ಲಿಂದ.

ನಮ್ಮಲ್ಲಿ ಆಸ್ತಿ ಎಂದರೆ ನೆರಳು. ನಿಮಗೆ ಇದು ತಮಾಷೆಯಾಗಿ ಕಾಣಬಹುದು, ಮರ ಕಡಿದು ಕಾರು ನಿಲ್ಲಿಸುತ್ತಿದ್ದ ಜನ ನೀವು. ಸೂರ್ಯ ನೆತ್ತಿಗೆ ಬಂದು ಇಳಿಯುವವರೆಗಿನ ಐದು ತಾಸನ್ನು ನಾವು ಬಿಳಿಹೊತ್ತು ಎನ್ನುತ್ತೇವೆ. ಬಿಳಿಹೊತ್ತಿನಲ್ಲಿ ಬಯಲಲ್ಲಿ ಕುಳಿತವನ ಚರ್ಮ ಸುಲಿಯುತ್ತದೆ, ಮಾತು ತೊದಲುತ್ತದೆ, ಹಲವು ದಿನ ಹಾಗೆಯೇ ಕುಳಿತರೆ ಎದ್ದು ಬರುವುದಿಲ್ಲ. ಆದ್ದರಿಂದ ಪ್ರತಿ ಮನೆಗೂ, ಮನೆಯ ಗಂಡಸಿನ ಹೆಸರಿನಲ್ಲಿ, ಒಂದು ನೆರಳುಪಾಲು ಇರುತ್ತದೆ, ಇಷ್ಟು ಮರ, ಇಷ್ಟು ಹೆಜ್ಜೆ ಎಂದು. ಅಲ್ಲೇ ಅಡುಗೆ, ಅಲ್ಲೇ ನೇಯ್ಗೆ, ಅಲ್ಲೇ ಹೆರಿಗೆ. ಹೂಳಿನಲ್ಲಿ ಮರ ಸುಲಭವಾಗಿ ಹಿಡಿಯುವುದಿಲ್ಲ. ಮೇಲೆ ಮೆತ್ತಗೆ ಕಾಣುತ್ತದೆ, ಕೆಳಗೆ ಹೆಂಚಿನಂತೆ ಬಿಗಿದಿರುತ್ತದೆ. ಒಂದು ಸಸಿ ಬದುಕಬೇಕಾದರೆ ಮೂರು ವರ್ಷ ದಿನಕ್ಕೆ ಎರಡು ಕೊಡ ನೀರು ಹೊರಬೇಕು.

ನನ್ನ ಅವ್ವನ ತಂಗಿ, ಚಿಗವ್ವ ಹುಲಿಗೆವ್ವ ಹಾಗೆ ಹದಿನಾಲ್ಕು ಮರ ಎಬ್ಬಿಸಿದವಳು. ಹನ್ನೊಂದು ಹೊಂಗೆ, ಮೂರು ಬೇವು. ನಾಲ್ಕಕ್ಕೆ ಅವಳ ಗಂಡನೂ ನೀರು ಹೊತ್ತಿದ್ದಾನೆ, ಸುಳ್ಳು ಹೇಳುವುದಿಲ್ಲ. ಮೂರು ವರ್ಷದ ಹಿಂದೆ ಬಾವಿ ತೋಡುವಾಗ ಹೂಳು ಜರಿದು ಅವನು ಸತ್ತ. ಮಕ್ಕಳಿಲ್ಲ. ನನ್ನ ಅವ್ವ ತೀರಿಕೊಂಡ ಮೇಲೆ ನಾನು ಬೆಳೆದಿದ್ದು ಆ ಹದಿನಾಲ್ಕು ಮರಗಳ ಕೆಳಗೆ. ಚಿಗವ್ವನ ನೆರಳು ಹೋದರೆ ನನ್ನದೂ ಹೋದಂತೆ. ನಿಮಗೆ ಬರೆಯಲು ಇದೂ ಒಂದು ಕಾರಣ.

ಈ ವರ್ಷ ಮೊದಲ ಬೇಸಿಗೆಯಲ್ಲಿ ಗಡಿಗೆ ಸುಡುವ ಬುಡ್ಡಪ್ಪ ಚಿಗವ್ವನಿಗೆ ಸೀರೆ ತಂದ. ನಮ್ಮಲ್ಲಿ ಗಂಡ ಸತ್ತವಳಿಗೆ ಇನ್ನೊಬ್ಬ ಗಂಡಸು ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಕ್ಕೆ ಉಡಿಕೆ ಎನ್ನುತ್ತಾರೆ. ಮಂತ್ರ ಇಲ್ಲ, ಓಲಗ ಇಲ್ಲ. ಆಕೆ ಆ ಸೀರೆ ಉಟ್ಟು ಹೊರಗೆ ಬಂದರೆ ಆಯಿತು. ಬುಡ್ಡಪ್ಪನಿಗೆ ಸ್ವಂತ ನೆರಳಿಲ್ಲ, ಗಡಿಗೆ ಸುಡುವ ಆವಿಗೆಯ ಪಕ್ಕದಲ್ಲಿ ಮರ ನಿಲ್ಲುವುದಿಲ್ಲ. ಅವನು ಪ್ರತಿ ದಿನ ಬಿಳಿಹೊತ್ತಿಗೆ ಬಂದು ನಮ್ಮ ಬೇವಿನ ನೆರಳು ಮುಗಿಯುವ ಗೆರೆಯ ಆಚೆ, ಬಿಸಿಲಲ್ಲಿ, ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಕೊಳ್ಳುತ್ತಾನೆ. ಗೆರೆ ದಾಟಿ ಒಳಗೆ ಬಂದರೆ ಉಡಿಕೆ ಆಯಿತೆಂದೇ ಲೆಕ್ಕ. ಗೆರೆ ಸರಿದಂತೆ ಅವನೂ ಸರಿಯುತ್ತಾನೆ.

“ಏ ಬುಡ್ಡಪ್ಪ, ಒಳಗ ಬಾರೋ. ನೆತ್ತಿ ಸುಟ್ಟು ಹೆಂಚಾಗೇತಿ” ಎನ್ನುತ್ತಾಳೆ ಚಿಗವ್ವ.

“ಹೆಂಚ್ ಸುಡಾವ ನಾನು, ನನಗೇನ್ ಆಗ್ತೈತಿ ಬೇ? ಒಳಗ ಬಂದ್ರ ಗಾದಿಲಿಂಗ ನೋಡ್ತಾನ. ನಿನ್ನ ನೆರಳ ಹೋಗ್ತೈತಿ.”

“ಹಂಗಾರ ಮನಿಗೆ ಹೋಗು.”

“ಮನ್ಯಾಗ ಯಾರದಾರ?”

“ಗಡಿಗಿ ಅದಾವಲ್ಲ, ಮಾತಾಡ್ಸು ಹೋಗು.”

“ಗಡಿಗಿ ನಿನ್ನಂಗ ಬೈಯೂದಿಲ್ಲ.”

ಅವನ ಎಡಗಿವಿಯ ಮೇಲೆ ಈಗ ಹುಣ್ಣಾಗಿದೆ. ಮೊನ್ನೆ ಮಾತು ಸ್ವಲ್ಪ ತೊದಲಿತು. ಚಿಗವ್ವ ಕೇಳಿಸಿಕೊಂಡರೂ ಕೇಳದವಳಂತೆ ನೂಲು ಸುತ್ತುತ್ತಿದ್ದಳು. ನೂಲು ಮಾತ್ರ ಗಂಟಾಯಿತು.

ಗಾದಿಲಿಂಗ ಸತ್ತವನ ತಮ್ಮ. ಅವನಿಗೆ ಆರು ಮರ ಇವೆ. ಅಣ್ಣ ಸತ್ತಾಗ ಒಂದು ಹೊತ್ತು ನೀರು ತಂದುಕೊಡದ ಮನುಷ್ಯ, ಸೀರೆಯ ಸುದ್ದಿ ಕೇಳಿದ ದಿನವೇ ಕಟ್ಟೆಗೆ ಹೋದ. ಕಟ್ಟೆ ಎಂದರೆ ನಿಮ್ಮ ಅಣೆಕಟ್ಟಿನ ಉಳಿದ ತುಂಡು. ನಮ್ಮ ಊರಿನ ಪಂಚಾಯಿತಿ ಅದರ ಬುಡದಲ್ಲಿ ಬೆಳಗಿನ ಹೊತ್ತು ಸೇರುತ್ತದೆ. ಅಲ್ಲಿ ಓದಾಳು ಪರಸಪ್ಪ ಪೆಟ್ಟಿಗೆ ತೆಗೆಸಿದ. ಕಾಗದವನ್ನು ಅವನ ಕೈಗೆ ಕೊಟ್ಟವಳು ನಾನೇ. ಅವನು ಗಂಟಲು ಸರಿಮಾಡಿಕೊಂಡು ಓದಿದ: “ಪುನಃ ಲಗ್ನವಾದ ವಿಧವೆಗೆ ಗಂಡನ ಸ್ವತ್ತಿನ ಮೇಲೆ ಹಕ್ಕಿಲ್ಲ. ಆಕೆ ಆ ಗಳಿಗೆಗೇ ಸತ್ತಳೆಂದು ತಿಳಿಯತಕ್ಕದ್ದು.”

ಚಿಗವ್ವ ಎದ್ದು ನಿಂತಳು. “ಪರಸಪ್ಪಣ್ಣ, ಒಂದ್ ಮಾತ ಕೇಳ್ಲೇನು?”

“ಕೇಳವ್ವಾ.”

“ನಾ ಯಾವಾಗ ಸಾಯ್ತೀನಿ? ನಿರಗಿ ಹಾಕೂವಾಗೋ, ಸೆರಗ ಹೊದ್ದ ಮ್ಯಾಲೋ? ಗೊತ್ತಿದ್ರ ನೀರರ ಕುಡದಿರ್ತೀನಿ.”

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಗಾದಿಲಿಂಗನಿಗೆ ಸಿಟ್ಟು ಬಂತು. “ಅತ್ತಿಗಿ, ನಗಚಾಟ್ಲಿ ಬ್ಯಾಡ. ಸಾಯೂದಂದ್ರ ಖರೇನ ಸಾಯೂದಲ್ಲ. ಕಾಗದದ ಮಾತದು.”

“ಹೌದೇನಪ್ಪಾ? ಹಂಗಾರ ನೆರಳೂ ಕಾಗದದಾಗ ತಗೋ. ಗಿಡ ನನಗಿರ್ಲಿ.”

ಪರಸಪ್ಪ ಕೈ ಎತ್ತಿದ. “ಹಿರಿಯಾರು ಬರದಿಟ್ಟಿದ್ದನ್ನ ಮುರಿಯಾಕ ನಾವ್ಯಾರವ್ವಾ?”

“ಯಾವ ಹಿರಿಯಾರೋ? ಹೆಸರ ಹೇಳು.”

“ಹಿರಿಯಾರಂದ್ರ ಹಿರಿಯಾರು.”

ಕೊನೆಗೆ ನಲವತ್ತು ದಿನದ ಗಡುವು ಕೊಟ್ಟರು. ಅಷ್ಟರೊಳಗೆ ಪೆಟ್ಟಿಗೆಯ ಕಾಗದವೇ ಬೇರೆ ಏನಾದರೂ ಹೇಳುವುದಾದರೆ ಕಟ್ಟೆ ಕೇಳುತ್ತದೆ. ಇಲ್ಲವಾದರೆ ಚಿಗವ್ವ ಸೀರೆ ಬೇಕೋ ನೆರಳು ಬೇಕೋ ಆರಿಸಿಕೊಳ್ಳಬೇಕು. ಆ ಗಡುವು ನಾಡಿದ್ದು ಬೆಳಿಗ್ಗೆ ಮುಗಿಯುತ್ತದೆ.

ಈಗ ಆ ಹಿರಿಯರ ವಿಷಯಕ್ಕೆ ಬರುತ್ತೇನೆ, ಎಂದರೆ ನಿಮ್ಮ ವಿಷಯಕ್ಕೆ. ಪರಸಪ್ಪ ಓದಿದ ಕಾಗದ ನಿಮ್ಮ ಕಾಲದ್ದು. ಅದು ಯಾವುದೋ ಸಮಾಜದ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. ಹೊಳೆಯುವ ಕಾಗದ, ಬಣ್ಣದ ಹೊದಿಕೆ. ಮೊದಲ ಇಪ್ಪತ್ತು ಪುಟ ಶಾಲು ಹೊದ್ದ ಗಂಡಸರ ಚಿತ್ರ. ಪ್ರತಿ ಚಿತ್ರದ ಕೆಳಗೆ ಹೆಸರು, ಹೆಸರಿನ ಹಿಂದೆ ಬಿರುದು, ಬಿರುದಿನ ಹಿಂದೆ ಇನ್ನೊಂದು ಬಿರುದು. ಹೆಂಗಸರ ಚಿತ್ರ ಒಂದೇ ಒಂದು ಇದೆ. ಹದಿನೇಳು ಜನ ಒಂದೇ ಬಣ್ಣದ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದಾರೆ. ಕೆಳಗೆ “ಗಣ್ಯರನ್ನು ಸ್ವಾಗತಿಸುತ್ತಿರುವ ಮಹಿಳೆಯರು” ಎಂದಿದೆ. ಹದಿನೇಳು ಜನರಲ್ಲಿ ಒಬ್ಬಳಿಗೂ ಹೆಸರಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಗಣ್ಯರು ತಡಮಾಡಿ ಬಂದಿರಬೇಕು. ಮೂವತ್ತೊಂದನೆಯ ಪುಟದಲ್ಲಿ ಸಮಾಜದ ಗೌರವ ಕಾರ್ಯದರ್ಶಿಗಳು “ನಮ್ಮ ಪೂರ್ವಜರ ಉನ್ನತ ಪದ್ಧತಿಗಳು” ಎಂಬ ಲೇಖನ ಬರೆದಿದ್ದಾರೆ. ಅದರಲ್ಲಿ ಈ ಸತ್ತಳೆಂದು ತಿಳಿಯುವ ಪದ್ಧತಿ ಇದೆ. ಅದು ಅನಾದಿ ಕಾಲದ್ದು ಎಂದು ಕಾರ್ಯದರ್ಶಿಗಳು ಹೇಳುತ್ತಾರೆ. ಅನಾದಿ ಎಂದರೆ ಎಷ್ಟು ಹಳೆಯದು ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಅವರ ಮುತ್ತಜ್ಜನಿಗಿಂತ ಸ್ವಲ್ಪ ಹಳೆಯದು.

ಏಕೆಂದರೆ ಅದೇ ಪೆಟ್ಟಿಗೆಯ ತಳದಲ್ಲಿ, ಬೇರೆ ಕಾಗದ ಸುತ್ತಿಡಲು ಬಳಸಿದ್ದ ಒಂದು ಹಳೆಯ ಹಾಳೆಗಂಟು ಇದೆ. ಅದು ಒಂದು ಕೋರ್ಟಿನ ನಕಲು. ಅದರ ಮೇಲೆ ೧೮೯೧ ಎಂದು ಇಸವಿ ಇದೆ, ನಿಮ್ಮನ್ನು ಬಿಳಿಯರು ಆಳುತ್ತಿದ್ದ ಕಾಲ. ಅದರಲ್ಲಿ ಒಬ್ಬ ಹೆಂಗಸಿನ ಮೇಲೆ ಅವಳ ಮೈದುನ ಹಾಕಿದ ದಾವೆ ಇದೆ. ಅವಳನ್ನು “ದುರುಗಿ ಕೋಂ ಮೃತ ಹನುಮ” ಎಂದು ಬರೆದಿದ್ದಾರೆ. ಕೋಂ ಎಂದರೆ ಇಂಥವನ ಹೆಂಡತಿ. ಹನುಮ ಸತ್ತು ಒಂಬತ್ತು ವರ್ಷವಾಗಿತ್ತು. ಅವಳು ಬೇರೊಬ್ಬನ ಕೈಯಿಂದ ಸೀರೆ ಉಟ್ಟು ಎರಡು ವರ್ಷವಾಗಿತ್ತು. ಕೋರ್ಟಿನ ಕಾಗದದಲ್ಲಿ ಅವಳು ಆಗಲೂ ಸತ್ತವನ ಹೆಂಡತಿಯೇ. ಬರೆದುಕೊಂಡ ಗುಮಾಸ್ತ ಅವಳ ಮಾತನ್ನು ತಿದ್ದುವ ತೊಂದರೆ ತೆಗೆದುಕೊಂಡಿಲ್ಲ, ಬಹುಶಃ ಅಷ್ಟು ಬೆಲೆ ಇಲ್ಲವೆಂದು. ಆದ್ದರಿಂದ ಮಾತು ಇದ್ದ ಹಾಗೇ ಉಳಿದಿದೆ. ನಾನು ಅಷ್ಟನ್ನೂ ಇಲ್ಲಿ ಬರೆಯುತ್ತೇನೆ, ಒಟ್ಟು ನಾಲ್ಕೇ ಸಾಲು:

“ನಮ್ಮ ಮಂದ್ಯಾಗ ಗಂಡ ಸತ್ರ ಸೀರಿ ಉಡಸ್ತಾರ. ನಮ್ಮವ್ವಗ ಎರಡು ಸಲ ಉಡಿಸಿದ್ರು, ಆಕಿ ಹೊಲ ಯಾರೂ ಕಸಗೊಳ್ಳಲಿಲ್ಲ. ಈ ಹೊಲ ಹರಗಿದಾಕಿ ನಾನು, ಬಿತ್ತಿದಾಕಿ ನಾನು. ಸಾಹೇಬ್ರ, ನನ್ನ ಕೇಳ್ರಿ, ಅವ್ರನ್ಯಾಕ ಕೇಳ್ತೀರಿ?”

ಅವಳನ್ನು ಅಲ್ಲಿಗೆ ನಿಲ್ಲಿಸಿದರು. ಮುಂದಿನ ಮೂರು ಪುಟ ಒಬ್ಬ ಶಾಸ್ತ್ರಿಯವರ ಮಾತು. ಅವರ ಮನೆತನದಲ್ಲಿ ವಿಧವೆಗೆ ಮತ್ತೆ ಮದುವೆಯೇ ಇಲ್ಲ. ಅವರಿಗೆ ದುರುಗಿಯ ಊರು ಎಲ್ಲಿದೆ ಎಂದೂ ತಿಳಿದಂತಿಲ್ಲ. ಆದರೆ ಅವರಿಗೆ ಓದು ಬರುತ್ತಿತ್ತು. ಸಾಹೇಬನಿಗೆ ಓದು ಬರುವ ಸಾಕ್ಷಿ ಬೇಕಿತ್ತು. ಆಮೇಲೆ ಒಂದು ಪುಟ ದುರುಗಿಯ ಜಾತಿಯ ಹಿರಿಯನದು. ಅವನ ಮನೆಯಲ್ಲೇ ಮೂವರು ಉಡಿಕೆಯ ಹೆಂಗಸರು ಇದ್ದರೆಂದು ಎದುರು ವಕೀಲ ಕೇಳಿದ್ದಾನೆ. ಅದಕ್ಕೆ ಅವನ ಉತ್ತರ: “ಅದೆಲ್ಲಾ ಹಿಂದಿನ ಮಾತ್ರಿ. ಈಗ ನಾವೂ ದೊಡ್ಡ ಮಂದ್ಯಂಗ ನಡೀತೀವಿ.” ಕೋರ್ಟಿನ ಕಟಕಟೆಯಲ್ಲಿ ನಿಂತು, ಬಿಳಿಯನ ಮುಂದೆ, ತಾನು ದೊಡ್ಡವನೆಂದು ಬರೆಸಿಕೊಳ್ಳುವ ಒಂದು ಅವಕಾಶ ಅವನಿಗೆ ಸಿಕ್ಕಿತು. ಅದಕ್ಕೆ ಅವನು ಕೊಟ್ಟಿದ್ದು ಇನ್ನೊಬ್ಬಳ ಹೊಲ.

ಕೊನೆಯಲ್ಲಿ ನ್ಯಾಯಾಧೀಶ ಹೇಳುತ್ತಾನೆ: ಈ ಹೆಂಗಸಿನ ಬಗ್ಗೆ ಕನಿಕರವಿದೆ. ಆದರೆ ಸರಕಾರ ೧೮೫೬ರಲ್ಲಿ ವಿಧವೆಯರ ಹಿತಕ್ಕೆಂದೇ ಒಂದು ಕಾನೂನು ಮಾಡಿದೆ. ಅದರ ಪ್ರಕಾರ ವಿಧವೆ ಮತ್ತೆ ಮದುವೆಯಾಗಬಹುದು. ಆದಳೆಂದರೆ ಸತ್ತ ಗಂಡನ ಸ್ವತ್ತಿನ ಮಟ್ಟಿಗೆ ಆಗಲೇ ಸತ್ತಳೆಂದು ತಿಳಿಯತಕ್ಕದ್ದು. ಆ ಕಾನೂನು ಎಲ್ಲರಿಗೂ ಒಂದೇ. ಮದುವೆಯೇ ಕೂಡದು ಎನ್ನುತ್ತಿದ್ದ ಮನೆಗಳ ಹೆಣ್ಣುಮಕ್ಕಳಿಗೆ ಅದರ ಮೊದಲ ಅರ್ಧ ದಾರಿ ತೆರೆದಿರಬಹುದು. ಯಾರನ್ನೂ ಕೇಳದೆ ಸೀರೆ ಉಡುತ್ತಿದ್ದ ದುರುಗಿಗೆ ಸಿಕ್ಕಿದ್ದು ಎರಡನೆಯ ಅರ್ಧ. ಅವಳಿಗೆ ಬೇಡದಿದ್ದ ಅನುಮತಿ ಕೊಟ್ಟು ಅವಳಿಗೆ ಬೇಕಾದ ಹೊಲ ತೆಗೆದುಕೊಂಡರು. ಬಿಡುಗಡೆ ಮಾಡಿದೆವೆಂದು ಹೇಳಿಕೊಂಡು ಹೋದರು. ಎಷ್ಟು ಬುದ್ಧಿವಂತ ಜನ! ಅವಳ ಭಾಷೆ ಬಾರದವರು ಅವಳ ಬದುಕಿಗೆ ಔಷಧಿ ಬರೆದರು.

ಪೆಟ್ಟಿಗೆಯಲ್ಲಿ ಆ ಕಾಲದ ಇನ್ನೂ ಕೆಲವು ಕಾಗದಗಳಿವೆ, ಅವುಗಳನ್ನು ಒಣಗಿಸುವಾಗ ನನಗೆ ನಗು ಬರುತ್ತದೆ. ಜಮೀನು ಅಳೆದು ಬರೆದ ಒಂದು ನಕ್ಷೆ ಇದೆ. ನೂರಾ ಹನ್ನೆರಡು ತುಂಡು ಹೊಲ, ನೂರಾ ಹನ್ನೆರಡು ಗಂಡು ಹೆಸರು. ಆ ಊರಿನಲ್ಲಿ ಹೆಂಗಸರೇ ಇರಲಿಲ್ಲವೇನೋ ಎನ್ನಿಸುತ್ತದೆ. ಅಧಿಕಾರಿ ಡೇರೆ ಹಾಕಿ ಹೆಸರು ಕೇಳಿದಾಗ ಡೇರೆಯ ಮುಂದೆ ನಿಂತವರು ಗಂಡಸರು. ಹೆಂಗಸರು ಅವನು ಅಳೆಯುತ್ತಿದ್ದ ಹೊಲದಲ್ಲೇ ಕಳೆ ತೆಗೆಯುತ್ತಿದ್ದಿರಬೇಕು, ತಲೆ ಎತ್ತಿದ್ದರೆ ಕಾಣುತ್ತಿತ್ತು. ಇನ್ನೊಂದು, ಹೆಣ್ಣುಮಕ್ಕಳ ಶಾಲೆಯ ಪಾಠದ ಪುಸ್ತಕ. ಅದರಲ್ಲಿ ಒಳ್ಳೆಯ ಹೆಂಡತಿಯಾಗುವುದು ಹೇಗೆಂದು ಹೇಳಿಕೊಟ್ಟಿದ್ದಾರೆ. ಮೆಲ್ಲಗೆ ಮಾತಾಡುವುದು, ಗಂಡನ ಅಂಗಿಗೆ ಗುಂಡಿ ಹಚ್ಚುವುದು, ಮತ್ತು ಉಣ್ಣೆಯ ಕಾಲುಚೀಲ ಹೆಣೆಯುವುದು. ನಮ್ಮ ಸೀಮೆಯಲ್ಲಿ, ಉಣ್ಣೆಯ ಕಾಲುಚೀಲ! ಇದನ್ನು ಬುಡ್ಡಪ್ಪನಿಗೆ ಓದಿ ಹೇಳಿದೆ. ಅವನು ತನ್ನ ಒಡೆದ ಹಿಮ್ಮಡಿ ನೋಡಿಕೊಂಡು “ನನಗೊಂದ್ ಜೊತಿ ಹೆಣಿ ಅಂತ ನಿಮ್ಮ ಚಿಗವ್ವಗ ಹೇಳು” ಎಂದ. ಬಿಸಿಲಲ್ಲಿ ಕುಳಿತೇ ನಕ್ಕ.

ಚಿಗವ್ವನಿಗೆ ಓದು ಬರುವುದಿಲ್ಲ. ನಾನು ಕೋರ್ಟಿನ ನಕಲು ಪೂರ್ತಿ ಓದಿ ಹೇಳಿದ ಮೇಲೆ ನೂಲಿನ ಉಂಡೆ ಕೆಳಗಿಟ್ಟಳು. ಆಮೇಲೆ ಅಂದಳು: “ಬಿಳಿಯಾವ ಪರದೇಶಿ, ಅವಗ ತಿಳೀಲಿಲ್ಲ ಬಿಡು. ನಮ್ಮಾವ್ರಿಗೇನಾಗಿತ್ತು? ಹೊರಗ ಸಲಾಮ್ ಹೊಡದು ಬಂದಾವ್ರಿಗೆ ಮನ್ಯಾಗ ಒಬ್ರು ಸಲಾಮ್ ಹೊಡಿಯಾವ್ರು ಬೇಕಾಗಿತ್ತು. ಅಷ್ಟಾ.” ನಾನು ಐದು ವರ್ಷ ಓದಿ, ನಲವತ್ತೊಂದು ಕಾಗದ ನೋಡಿದರೂ ಇಷ್ಟನ್ನು ಇಷ್ಟು ಚಿಕ್ಕದಾಗಿ ಹೇಳಲಾರೆ.

ಬಿಳಿಯರು ಬರುವ ಮೊದಲು ಎಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿರಲಿಲ್ಲ. ಉಡಿಕೆಯ ಹೆಂಗಸನ್ನು ಶುಭಕಾರ್ಯಕ್ಕೆ ಮುಂದೆ ಬಿಡುತ್ತಿರಲಿಲ್ಲ, ನಮ್ಮಲ್ಲಿ ಈಗಲೂ ಬಿಡುವುದಿಲ್ಲ. ಹೊಡೆಯುವವರು ಆಗಲೂ ಹೊಡೆದರು. ಎಷ್ಟೋ ಜಾತಿಗಳಲ್ಲಿ ಹೊಲ ಕಸಿಯುವುದಕ್ಕೆ ಕಾನೂನೇ ಬೇಕಿರಲಿಲ್ಲ. ಆದರೆ ಆಗ ಅದು ಜಗಳವಾಗಿತ್ತು. ಒಂದೂರಲ್ಲಿ ಒಂದು ರೀತಿ, ಪಕ್ಕದೂರಲ್ಲಿ ಇನ್ನೊಂದು ರೀತಿ. ಗಟ್ಟಿ ಬಾಯಿಯ ಹೆಂಗಸು ಗೆಲ್ಲುವುದೂ ಇತ್ತು. ಜಗಳವನ್ನು ಪುಸ್ತಕ ಮಾಡಿದರು, ಪುಸ್ತಕ ಆದ ಮೇಲೆ ಬಾಯಿಗೆ ಬೆಲೆ ಹೋಯಿತು.

ಮೊನ್ನೆ ಧೈರ್ಯ ಮಾಡಿ ಆ ನಕಲನ್ನು ಪರಸಪ್ಪನಿಗೆ ತೋರಿಸಿದೆ. ನಾಲ್ಕು ಜನರಿಲ್ಲದ ಹೊತ್ತು ನೋಡಿ, ಅವನ ಅಂಗಳಕ್ಕೇ ಹೋಗಿ ಕೊಟ್ಟೆ. ಅವನು ಕೆಟ್ಟವನಲ್ಲ. ತಾಳ್ಮೆಯಿಂದ ಓದಿದ. ಎರಡು ಸಲ ಓದಿದ.

“ಈಕಿ ಸೋತಾಳಲ್ಲ ತಂಗಿ” ಅಂದ.

“ಆಕಿ ಹೇಳಿದ್ದು ಖರೇ ಐತಲ್ಲಣ್ಣ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಖರೇ ಇರಬೌದು. ಆದ್ರ ಸೋತಾಕಿ ಕಾಗದ ಕಟ್ಟಿಗೆ ನಡ್ಯಾಂಗಿಲ್ಲ. ಇದನ್ನ ಓದಿದ್ರ ಗಾದಿಲಿಂಗಗ ಇನ್ನೂ ಬಲ ಬರ್ತೈತಿ. ನೋಡು, ಅವಾಗಿಂದಾನೂ ಹಿಂಗಾ ಐತಿ ಅಂತಾನ. ಬಿಳಿಯಾರ್ ಹೋದ ಮ್ಯಾಲೆ ನಮ್ಮ ಹಿರಿಯಾರು ಇದು ನಮ್ದಲ್ಲ ಅಂತ ಬರದಿದ್ದು ಒಂದ್ ಚೀಟಿ ಇದ್ರ ತಾ. ಒಂದ ಒಂದು. ನಾನಾ ಓದ್ತೀನಿ.”

ನಾನು ನಲವತ್ತೊಂದು ಕಾಗದವನ್ನೂ ಹಿಂದೆ ಮುಂದೆ ನೋಡಿದೆ. ಇಲ್ಲ.

ನಿಮ್ಮ ಮೇಲೆ ನನಗಿರುವ ತಿರಸ್ಕಾರ ಇದಕ್ಕೆ. ಬಿಳಿಯರ ಮೇಲೆ ನನಗೆ ಅಷ್ಟು ಇಲ್ಲ. ಅವರು ದೋಚಲು ಬಂದವರು, ದೋಚಿದರು, ಹೋದರು. ಅವರು ಹೋದ ಮೇಲೆ ಲೇಖನಿ ನಿಮ್ಮ ಕೈಯಲ್ಲಿತ್ತು. ಆ ಕಾನೂನನ್ನು ನೀವು ಆಮೇಲೆ ತೆಗೆದುಹಾಕಿದಿರೆಂದು ನಮ್ಮ ಮುದುಕಿಯರು ಹೇಳುತ್ತಾರೆ. ಇರಬಹುದು. ತೆಗೆದುಹಾಕಿದ ಕಾಗದವನ್ನು ಜೋಪಾನವಾಗಿಡಬೇಕೆಂದು ನಿಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ಜೋಪಾನ ಮಾಡಿದ್ದು ಸ್ಮರಣ ಸಂಚಿಕೆಯನ್ನು. ಕಾನೂನು ಹೋಯಿತು, ಅದರ ಹೆಮ್ಮೆಯನ್ನು ಉಳಿಸಿಕೊಂಡಿರಿ. ಸಾಹೇಬನ ಹಳೆಯ ಕೋಟನ್ನು ಹಾಕಿಕೊಂಡು ನಮ್ಮ ಮುತ್ತಜ್ಜನ ಕಂಬಳಿ ಎಂದು ಹೇಳಿಕೊಂಡು ಓಡಾಡಿದಿರಿ. ಅದನ್ನು ಭಾಷಣದಲ್ಲಿ ಹೇಳಿದಿರಿ, ಅದಕ್ಕಾಗಿ ಜಗಳವಾಡಿದಿರಿ. ಮಗಳು ಏನಾದರೂ ಕೇಳಿದರೆ ಇದು ನಮ್ಮ ಸಂಸ್ಕೃತಿ ಅಲ್ಲ ಎಂದು ಬಾಯಿ ಮುಚ್ಚಿಸಿದಿರಿ. ಯಾವ ಸಂಸ್ಕೃತಿ? ನಿಮ್ಮ ಅಜ್ಜಿಯ ಅಜ್ಜಿಯನ್ನು ಕೇಳಿದ್ದಿರಾ? ಕೇಳಿಲ್ಲ. ಅವಳ ಹೆಸರೇ ನಿಮಗೆ ಗೊತ್ತಿಲ್ಲ. ಈಗಲೇ ನೆನಪು ಮಾಡಿಕೊಂಡು ನೋಡಿ. ಅಜ್ಜನ ಅಜ್ಜನ ಹೆಸರು ಬಂದರೂ ಬಂದೀತು, ಪಹಣಿಯಲ್ಲಿ ಇರುತ್ತದೆ.

ನಮ್ಮವರೂ ದಡ್ಡರೇ, ಅದನ್ನು ಮುಚ್ಚಿಡುವುದಿಲ್ಲ. ಹೂಳಿಗೆ ಬಂದ ಮೊದಲ ಜನ ನೆರಳಿಗಾಗಿ ಬಡಿದಾಡುತ್ತಿದ್ದಾಗ ಕೆಸರಿನಿಂದ ಈ ಪೆಟ್ಟಿಗೆ ಸಿಕ್ಕಿತು. ಒಳಗೆ ಇದ್ದುದನ್ನೆಲ್ಲ ಧರ್ಮವೆಂದು ಹಿಡಿದುಕೊಂಡರು. ನಿಮ್ಮ ಜಾಹೀರಾತಿನ ಪುಟವನ್ನೂ ಎರಡು ತಲೆಮಾರು ಭಕ್ತಿಯಿಂದ ಓದಿದ್ದಾರೆ. ಮುಳುಗಿದವರು ಕೈಗೆ ಸಿಕ್ಕಿದ್ದನ್ನು ಹಿಡಿದರು. ನೀವು ಮುಳುಗಿರಲಿಲ್ಲ. ನೀವು ಊಟ ಮಾಡಿ, ಫ್ಯಾನಿನ ಕೆಳಗೆ ಕುಳಿತು ಅದನ್ನು ಬರೆದಿರಿ.

ಚಿಗವ್ವ ಇವತ್ತು ಒಂದು ಉಪಾಯ ಹೇಳಿದಳು. “ಕೆಂಚಿ, ನಿನಗ ಅವ್ರ ಅಕ್ಷರ ಬರ್ತಾವು. ಹಳೀ ಹಾಳಿ ಹಿಂದ ಖಾಲಿ ಇರ್ತೈತಿ. ನೀನಾ ಒಂದು ಬರದು ಹಾಕಿಬಿಡು. ಯಾರ್ ನೋಡ್ತಾರ?”

ಯಾರೂ ನೋಡುವುದಿಲ್ಲ. ಮಸಿ ಇದೆ, ಕೈ ಇದೆ, ಪೆಟ್ಟಿಗೆ ನನ್ನ ವಶದಲ್ಲೇ ಇದೆ. ಬರೆಯಲು ತೊಡಗಿಯೂ ನೋಡಿದೆ. ಬರಹ ಕಾರ್ಯದರ್ಶಿಗಳ ಬರಹದ ಹಾಗೇ ಬಂತು: “ಅನಾದಿ ಕಾಲದಿಂದ ನಮ್ಮಲ್ಲಿ…” ಅಲ್ಲಿಗೇ ಕೈ ನಿಂತಿತು. ಹರಿದು ಒಲೆಗೆ ಹಾಕಿದೆ. ಚಿಗವ್ವನಿಗೆ ಸಿಟ್ಟು ಬಂತು. “ನಿನ್ನ ನ್ಯಾಯಾನ ಅಡಗಿ ಮಾಡಿ ಉಣ್ಣೂಣು ನಾಳಿಂದ” ಎಂದು ಮುಖ ತಿರುಗಿಸಿದಳು. ಆಮೇಲೆ ಎದ್ದು ಹೋಗಿ ಬುಡ್ಡಪ್ಪನಿಗೆ ಒಂದು ತಂಬಿಗೆ ನೀರು ಕೊಟ್ಟಳು. ಗೆರೆಯ ಈಚೆ ನಿಂತು ಕೈ ಚಾಚಿದಳು, ಗೆರೆಯ ಆಚೆ ಕುಳಿತು ಅವನು ತೆಗೆದುಕೊಂಡ. ಅವಳು ಬಿಡಲಿಲ್ಲ, ಅವನು ಕುಡಿದು ಮುಗಿಸುವವರೆಗೆ ತಾನೂ ಹಿಡಿದುಕೊಂಡೇ ಇದ್ದಳು.

“ನಾಡದು ನಾನು ಆ ಸೀರಿ ಉಟಗೊಂಡಾ ಕಟ್ಟಿಗೆ ಹೋಗ್ತೀನಿ” ಎಂದು ತಿರುಗಿ ಬಂದು ಹೇಳಿದಳು. “ಸತ್ತಾಕಿ ಹೆಂಗಿರ್ತಾಳ ಅಂತ ನೋಡ್ಲಿ ಎಲ್ರು.”

ಅವಳು ಹೋಗುತ್ತಾಳೆ. ನನಗೆ ಗೊತ್ತು. ಹೋದರೆ ಹದಿನಾಲ್ಕು ಮರ ಗಾದಿಲಿಂಗನದು. ನಾವು ಮೂವರೂ ಗೆರೆಯ ಆಚೆ.

ಆದ್ದರಿಂದ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ಅಣೆಕಟ್ಟಿನಲ್ಲಿ ಒಂದು ತೂಬು ಇನ್ನೂ ಉಳಿದಿದೆ. ನೀರಿಲ್ಲ, ಆದರೆ ಒಳಗೆ ಗಾಳಿ ಎಳೆಯುತ್ತದೆ. ಅದರಲ್ಲಿ ಹಾಕಿದ ಕಾಗದ ಹಿಂದಕ್ಕೆ, ಕಟ್ಟೆ ಕಟ್ಟಿದವರ ಕಾಲಕ್ಕೆ ಹೋಗುತ್ತದೆ ಎಂದು ಹೇಳುತ್ತಾರೆ. ಅದಕ್ಕೆ ತೂಬಂಚೆ ಎಂದು ಹೆಸರು. ನಂಬಿ ಹಾಕುವವರು ಕಡಿಮೆ, ನಿಮ್ಮನ್ನು ಬೈದು ಹಗುರಾಗಲು ಹಾಕುವವರೇ ಹೆಚ್ಚು. ನಾನು ಎರಡಕ್ಕೂ ಹಾಕುತ್ತಿದ್ದೇನೆ. ಇದು ತಲುಪಿದರೆ ನೀವು ಉತ್ತರ ಕಳಿಸಬೇಕಾಗಿಲ್ಲ. ಪೆಟ್ಟಿಗೆ ಈಗ ನಿಮ್ಮ ಹತ್ತಿರವೇ ಇದೆ. ಹಸಿರು ಬಣ್ಣ, ಎರಡು ಗುಲಾಬಿ. ಯಾರದೋ ಅಟ್ಟದ ಮೇಲೆ, ಯಾರದೋ ಮಂಚದ ಕೆಳಗೆ ಇರುತ್ತದೆ. ಅದರಲ್ಲಿ ಒಂದು ಕಾಗದ ಇಡಿ. ದೊಡ್ಡದು ಬೇಡ. ನಿಮ್ಮ ಮನೆಯ ಅತಿ ಹಿರಿಯ ಹೆಂಗಸಿನ ಹತ್ತಿರ ಕುಳಿತು ಕೇಳಿ: ನಮ್ಮಲ್ಲಿ ಯಾರಿಗೆ ಸೀರೆ ಉಡಿಸಿದ್ದರು, ಅವಳ ಹೊಲ ಏನಾಯಿತು, ಕಸಿದವರು ಯಾರು, ಯಾವ ಕಾಗದ ತೋರಿಸಿ ಕಸಿದರು. ಅವಳು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಕೆಳಗೆ ಅವಳ ಹೆಸರು ಹಾಕಿ. ಇಂಥವನ ಹೆಂಡತಿ ಎಂದಲ್ಲ, ಅವಳ ಹೆಸರು. ಅರ್ಧ ದಿನದ ಕೆಲಸ. ನೀವು ಮಾಡುವುದಿಲ್ಲ ಎಂದು ನನ್ನ ಅಂದಾಜು. ಮಾಡಿದರೆ ನನ್ನ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಎಲ್ಲವನ್ನೂ ಅಲ್ಲ.

ನಾಡಿದ್ದು ಬೆಳಿಗ್ಗೆ ಕಟ್ಟೆ ಸೇರುವ ಮೊದಲು ಪೆಟ್ಟಿಗೆ ತೆರೆದು ಎಣಿಸುತ್ತೇನೆ. ನಲವತ್ತೆರಡು ಇದ್ದರೆ ಪರಸಪ್ಪ ಓದುತ್ತಾನೆ, ಅವನು ಮಾತಿಗೆ ತಪ್ಪುವವನಲ್ಲ.

ನಲವತ್ತೊಂದೇ ಇದ್ದರೆ ಈ ಪತ್ರದ ನಕಲನ್ನು ನಾನೇ ಒಳಗಿಡುತ್ತೇನೆ. ಮೇಲೆ ಹೂಳಿನ ವರ್ಷ ಹಾಕಿದ್ದೇನೆ, ಅನಾದಿ ಎಂದು ಹಾಕಿಲ್ಲ. ಪರಸಪ್ಪ ಎಣಿಸುತ್ತಾನೆ, ಒಂದು ಹೆಚ್ಚು ಬರುತ್ತದೆ, ಇದನ್ನು ಇಟ್ಟವರು ಯಾರು ಎಂದು ಕೇಳುತ್ತಾನೆ. ಇಡೀ ಊರು ಇರುತ್ತದೆ. ಹೊಸ ಸೀರೆಯಲ್ಲಿ ಚಿಗವ್ವ ಇರುತ್ತಾಳೆ. ಆಗ ನಾನು ಎದ್ದು ನಿಂತು ಮಾತಾಡಬೇಕಾಗುತ್ತದೆ. ನಿಮ್ಮ ಕಡೆಯಿಂದ ಒಂದು ಚೀಟಿ ಬಂದಿದ್ದರೆ ನನಗೆ ಅದು ತಪ್ಪುತ್ತಿತ್ತು.

ಕೆಂಚವ್ವ
ಹುಲಿಗೆವ್ವನ ನೆರಳು